ಹಿಂಬರಹ

ತರಬೇತಿ ಉಪಯುಕ್ತವಾಗಿತ್ತೇ? ಹೌದು, ಇಲ್ಲ, ಗುರುತು ಹಾಕಿ.
ಹಾಕಿದೆ.
ಸಲಹೆಗಳಿದ್ದಲ್ಲಿ ಹಿಂಬದಿಯಲ್ಲಿ ಬರೆಯಿರಿ ಅಂತ
ಕೆಳಗೆ ಸಣ್ಣಕ್ಷರ.
ಬರೆಯೋದೇ ನನ್ನ ಕೆಲಸ. ಠಾಣೆಯ ರೈಟರ್,
ಹೆಡ್ ಕಾನ್‌ಸ್ಟೇಬಲ್ ಗವಿರಂಗಯ್ಯ, ಇಪ್ಪತ್ತಾರು ವರ್ಷ ಸರ್ವೀಸು.

ಆಡುಗೋಡಿ ಮೈದಾನದ ಪಕ್ಕದ ಸಭಾಂಗಣ.
ಅರವತ್ತು ಜನ ನಾವು, ಅರ್ಧಕ್ಕರ್ಧ
ರಾತ್ರಿ ಬಂದೋಬಸ್ತು ಮುಗಿಸಿ ಬಂದು
ಕೂತಲ್ಲೇ ತೂಕಡಿಸುತ್ತಿದ್ದವರು.
ಪಾಠಕ್ಕೆ ಬಂದಿದ್ದ ಸೆಲೀನಾ ಮೇಡಂ ಚೀಟಿ ಎತ್ತಿಸಿದರು.
ನನಗೆ ಬಂದದ್ದು:
ನೀವು ಪಿರ್ಯಾದಿ. ರಾತ್ರಿ ಒಂದೂವರೆ.
ಬಲಗಿವಿ ಕೇಳಿಸುತ್ತಿಲ್ಲ.

ಮೀಸೆ ಇರೋ ಪಿರ್ಯಾದಿ ಅಂದ ಹಿಂದಿನ ಸಾಲಿನವನು.
ನಾನೂ ನಕ್ಕೆ. ಸೆರಗು ಎಳೆದುಕೊಂಡ ಹಾಗೆ ಮಾಡಿದೆ.
ಇನ್ನೂ ನಕ್ಕರು.
ಮೇಜಿನಾಚೆ ಹೊಸ ಪಿಎಸ್‌ಐ, ಇಸ್ತ್ರಿ ಗೆರೆ ಮಾಸದ ಖಾಕಿ,
ಪೆನ್ನು ತಟ್ಟುತ್ತಾ ಕೇಳಿದ:
ಯಾವಾಗ ಹೊಡೆದ? ಇಷ್ಟೊತ್ತು ಏನ್ ಮಾಡ್ತಿದ್ದೆ?
ನೀನೇನಂದೆ ಅವನಿಗೆ, ಸುಮ್‌ಸುಮ್ನೆ ಹೊಡೀತಾನಾ?

ಕುರ್ಚಿ ಕೊಟ್ಟಿರಲಿಲ್ಲ ನನಗೆ.
ನಿಂತಿದ್ದೆ.
ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.
ಇಪ್ಪತ್ತಾರು ವರ್ಷದಲ್ಲಿ ಈಚೆ ಬಂದು ನಿಂತವನೇ ಅಲ್ಲ,
ಇಲ್ಲಿಂದ ಮೇಜು ಎಷ್ಟು ಎತ್ತರ!

ಆ ಪ್ರಶ್ನೆ ಹುಡುಗನದಲ್ಲ, ನನ್ನದು.
ಹೋದ ಚಳಿಗಾಲ ಕೇಳಿದ್ದು, ಅದೇ ಮಾತು, ಅದೇ ಪೆನ್ನಿನ ತಾಳ.
ಸುಂಕದಕಟ್ಟೆಯಿಂದ ನಡೆದು ಬಂದಿದ್ದಳು,
ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುವವಳು.
ಒಂದು ಕಾಲಿಗೆ ತನ್ನ ಚಪ್ಪಲಿ,
ಇನ್ನೊಂದಕ್ಕೆ ಮಗನದು, ಹಿಮ್ಮಡಿ ಹೊರಗೆ.
ಚಪ್ಪಲಿ ನೋಡಿದೆ. ಕಿವಿ ನೋಡಲಿಲ್ಲ.
ಹೆಸರು ಎರಡು ಸಲ ಕೇಳಿದೆ, ಹೇಳಲಿಲ್ಲ.
ಕೆಪ್ಪಿಯೇನಮ್ಮ ಅಂದೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ
ಅಂತ ಗಾದೆ ಬೇರೆ ಹೇಳಿದೆ, ದೊಡ್ಡ ಮನುಷ್ಯನ ಹಾಗೆ.
ಉಂಡಿರಲಿಲ್ಲ ಅವಳು.
ಮಲಗೋಣವೆಂದರೆ ಬೀಗದ ಕೈ ಅವನ ಜೇಬಲ್ಲಿ.
ಗಾದೆ ಯಾವ ಕಲಮಿನಡಿ ಬರುತ್ತೆ,
ನನ್ನನ್ನು ಯಾರೂ ಕೇಳಲಿಲ್ಲ.

ಹಿಂಬರಹ ಕೊಟ್ಟೆ. ಬಾಯಿಪಾಠ ಅದು:
ಸದರಿ ವಿಚಾರವು ಸಂಸಾರಕ್ಕೆ ಸಂಬಂಧಿಸಿದ್ದರಿಂದ
ಉಭಯತರಿಗೂ ಸೂಕ್ತ ತಿಳುವಳಿಕೆ ನೀಡಿ ಕಳುಹಿಸಲಾಗಿದೆ.
ಉಭಯತರು ಎಲ್ಲಿದ್ದರು? ಒಬ್ಬಳೇ ಇದ್ದಳು.
ಸಹಿ ಹಾಕುವಾಗ ಎಡಗೈಯಲ್ಲಿ ಕಾಗದ ಒತ್ತಿ ಹಿಡಿದಳು,
ಸೂಜಿಯ ಕೆಳಗೆ ಬಟ್ಟೆ ಜರುಗದಂತೆ ಹಿಡೀತಾರಲ್ಲ, ಹಾಗೆ.

ಆಮೇಲೆ ಏನಾದಳು?
ಗೊತ್ತಿಲ್ಲ. ಕತೆಯಾಗಿದ್ದರೆ ಗೊತ್ತಿರುತ್ತಿತ್ತು.
ಹೆಸರು ಠಾಣಾ ದಿನಚರಿಯಲ್ಲಿದೆ, ನನ್ನ ಅಕ್ಷರದಲ್ಲೇ.
ಇಲ್ಲಿ ಬರೆಯಲ್ಲ. ಅಷ್ಟಾದರೂ ಕಲಿತೆ ಇವತ್ತು.

ಮಧ್ಯಾಹ್ನ ಬಿಸಿಬೇಳೆಬಾತು, ಬೂಂದಿ.
ಪಿಎಸ್‌ಐ ಹುಡುಗ ತಟ್ಟೆ ಹಿಡಿದು ಪಕ್ಕಕ್ಕೆ ಬಂದ:
ಬೇಜಾರ್ ಮಾಡ್ಕೋಬೇಡಿ ಗವಿರಂಗಯ್ಯನೋರೆ, ಆಟ ತಾನೆ.
ಬಲಗಡೆ ನಿಂತಿದ್ದ.
ತಿರುಗಲಿಲ್ಲ ನಾನು.
ಚೀಟಿ ಇನ್ನೂ ಜೇಬಿನಲ್ಲಿತ್ತು.

ಮೇಡಂ ಹೇಳಿದ್ದೆಲ್ಲ ಸರಿ. ಮೊದಲು ನೀರು ಕೊಡಿ,
ಮೊದಲು ನಂಬಿ, ಆಮೇಲೆ ಕೇಳಿ.
ಆದರೆ ನಮ್ಮ ಠಾಣೆಯ ಮಹಿಳಾ ಸಿಬ್ಬಂದಿ ಇಬ್ಬರು,
ಒಬ್ಬಳು ಬಾಣಂತನದ ರಜೆ,
ಇನ್ನೊಬ್ಬಳನ್ನು ದಿನಾ ಕೋರ್ಟಿಗೆ ಓಡಿಸುತ್ತೇವೆ.
ಕುಡಿಯುವ ನೀರಿನ ಕ್ಯಾನು ಸಾಹೇಬರ ರೂಮಲ್ಲಿದೆ.
ಇದನ್ನೂ ಯಾರಾದರೂ ಬರೆದುಕೊಳ್ಳಿ.

ಸಲಹೆ:
ರೈಟರ್ ಮೇಜಿನ ಈಚೆ ಒಂದು ಕುರ್ಚಿ ಬೇಕು.
ಇಂಡೆಂಟ್ ಹಾಕಿ ಕಾಯಬಹುದು,
ಇಲ್ಲಾ, ನನ್ನದನ್ನೇ ಈಚೆ ತಳ್ಳಬಹುದು.
ನಿಂತು ಬರೆದರೆ ಅಕ್ಷರ ಸೊಟ್ಟ ಬರುತ್ತೆ.
ಬರಲಿ.
ಯಾವ ಕಿವಿ ಅಂತ ಕೇಳಿ ಆ ಕಡೆ ಬಿಟ್ಟು ಕೂರಬೇಕು.
ಹೆಸರು ಕೊನೆಗೆ.

ಹಾಳೆ ಮುಗಿಯಿತು.
ಮಡಚದೆ ಹಿಂದಿರುಗಿಸಿ ಅಂತ ಸೂಚನೆ ಇದೆ.
ಅವಳು ಎಂಟು ಮಡಿಕೆ ಮಾಡಿ ಒಯ್ದಿದ್ದಳು,
ಮುಷ್ಟಿಯೊಳಗೆ.