ಆರಡಿ ಎತ್ತರ, ನಾಲ್ಕು ಮಡಿಕೆ

ಆರಡಿ ಎತ್ತರ, ನಾಲ್ಕು ಮಡಿಕೆ,
ಕೊಳವೆ ತೂರುವಷ್ಟು ಅಂಚಿಗೆ ಸಂದು,
ಬೆಳಕು ದಾಟದ ದಪ್ಪ ಬಟ್ಟೆ, ಆದರೂ ಹಗುರ —
ಆಂಬುಲೆನ್ಸಿನ ಗಂಗಿರೆಡ್ಡಿ ಹೇಳುತ್ತ ಹೋದ,
ನಾನು ಅಳತೆ ಪುಸ್ತಕದಲ್ಲಿ ಬರೆದುಕೊಂಡೆ.
ಹೆಸರಿನ ಜಾಗದಲ್ಲಿ ಏನು ಹಾಕಲಿ ಅಂದೆ.
'ರಸ್ತೆ ಅಂತ ಹಾಕು' ಅಂದ.
ನಗಲಿಲ್ಲ.

ಚಿಂತಾಮಣಿಯಲ್ಲಿ ಹತ್ತೊಂಬತ್ತು ವರ್ಷದಿಂದ
ಹೆಂಗಸರ ಬಟ್ಟೆ ಹೊಲಿಯುತ್ತೇನೆ.
ಟೇಪು ಹಿಡಿದ ಬೆರಳಿಗೆ ಗೊತ್ತು
ಯಾರ ಬಲಭುಜ ಕೊಡ ಹೊತ್ತು ಇಳಿದಿದೆ,
ಯಾರ ಬೆನ್ನಿಗೆ ಬೆಲ್ಟಿನ ಬಾಸುಂಡೆ,
ಯಾರು ಉಸಿರು ಒಳಗೆಳೆದು ಎರಡಿಂಚು ಸುಳ್ಳು ಹೇಳುತ್ತಾರೆ.
ಪುಸ್ತಕದಲ್ಲಿರುವುದು ಅಂಕಿ ಮಾತ್ರ.

ಅಶ್ವತ್ಥಮ್ಮನ ಪುಟ: ಎದೆ ಮೂವತ್ನಾಲ್ಕು, ತೋಳು ಒಂಬತ್ತು,
ಬೆನ್ನು ಮುಚ್ಚಿರಲಿ.
ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ;
ಬಿಸಿನೀರಲ್ಲಿ ಬೆರಳ ತುದಿ ಬೆಂದು ಬೆಂದು ಬಿಳಿ.
ಆಕೆ ಹೋದಮೇಲೂ ಅಂಗಡಿಯಲ್ಲಿ
ಗೂಡಿನ ವಾಸನೆ ಒಂದು ಗಳಿಗೆ ಕೂತಿರುತ್ತಿತ್ತು.

ಆಕೆ ಬಿದ್ದ ಸುದ್ದಿ ನನಗೆ ಯಾರೂ ಹೇಳಲಿಲ್ಲ.
ಫೋನಿಗೆ ಬಂತು.
ಮಾಡಿಕೆರೆ ಕ್ರಾಸು, ಮಗುಚಿದ ಟೆಂಪೊ,
ಡಾಂಬರಿನ ಮೇಲೆ ಒಂದು ಹೆಂಗಸು.
ಮುಖ ಕಾಣುತ್ತಿರಲಿಲ್ಲ, ಉಳಿದದ್ದೆಲ್ಲ ಕಾಣುತ್ತಿತ್ತು.
ಹಿಂದಿನಿಂದ ಯಾರೋ 'ಝೂಮ್ ಮಾಡೋ' ಅಂದ.
ಇವನು ಮಾಡಿದ.
ಆಗ ಕಂಡಿತು ತೋಳಿನಂಚಿನ ಕೆಂಪು ಪೈಪಿಂಗು,
ದಾರ ಸಾಲದೆ ಕೊನೇ ಒಂದಿಂಚು
ನಾನು ಕುಂಕುಮದ ಬಣ್ಣಕ್ಕೆ ಬದಲಿಸಿದ್ದ ಜಾಗ.

ಎರಡನೇ ಸಲ ನೋಡಿದ್ದು ಹೊಲಿಗೆಯ ಗುರುತಿಗೆ.
ಮೂರನೇ ಸಲ ಯಾಕೆ ನೋಡಿದೆ,
ಅದನ್ನು ಯಾವ ಪುಟದಲ್ಲಿ ಬರೆಯಲಿ.

ಸುಹೇಲಾ ಸಿಸ್ಟರು ಕತ್ತರಿ ಹಾಕಲೇಬೇಕಿತ್ತು.
ಪಕ್ಕೆಯಿಂದ ರಕ್ತ; ಹುಕ್ಕು ಬಿಡಿಸುತ್ತ ಕೂರುವ ಹೊತ್ತಲ್ಲ.
ಒಂದು ಕೈಲಿ ಕತ್ತರಿ, ಇನ್ನೊಂದರಲ್ಲಿ
ಸೆರಗೆಳೆದು ಮರೆ ಹಿಡಿಯಲು ನೋಡಿದಳಂತೆ.
ಗಾಯ ಒತ್ತಲು ಮೂರನೇ ಕೈ ಇರಲಿಲ್ಲ.
ಸುತ್ತ ನಲವತ್ತು ಜನ, ಎಂಬತ್ತು ಕೈ.

ಅಶ್ವತ್ಥಮ್ಮ ಉಳಿದಳು.
ಉಳಿದದ್ದೇ ಕಷ್ಟವಾಯ್ತು ಅನ್ನುತ್ತಾಳೆ.
'ನೋವು ಗ್ಯಾಪಕ ಇಲ್ಲ ಕಣಕ್ಕ.
ಬಾವಿಯೊಳಗೆ ಬಿದ್ದಂಗಿತ್ತು, ಮೇಲೆ ಸುತ್ತ ತಲೆಗಳು.
ಯಾರೂ ಹಗ್ಗ ಬಿಡ್ಲಿಲ್ಲ.
ಈಗ ಬಸ್ಸಲ್ಲಿ ಯಾರಾದ್ರೂ ನನ್ ಕಡೆ ನೋಡಿದ್ರೆ
ಇವ್ನೂ ನೋಡವ್ನೆ ಅನ್ಸುತ್ತೆ.'
ಹೊಸ ಕುಪ್ಪಸಕ್ಕೆ ಕತ್ತಿನವರೆಗೂ ಮುಚ್ಚು ಅಂದಳು.
ಹೊಲಿದುಕೊಟ್ಟೆ.
ಸಾಲದು ಅದು, ಇಬ್ಬರಿಗೂ ಗೊತ್ತಿತ್ತು.

ಈಗ ಈ ಹಸಿರು ಡ್ರಿಲ್ಲು, ಒಂಬತ್ತು ಮೀಟರು.
ಮಿಷನ್ನಿನ ಸೂಜಿ ಎರಡು ಸಲ ಮುರಿಯಿತು.
ಗಂಗಿರೆಡ್ಡಿ ಹೇಳಿರದ ಒಂದು ಚೀಲ
ಕೆಳಗಂಚಿಗೆ ನಾನೇ ಸೇರಿಸಿದೆ, ಮರಳು ತುಂಬಲಿಕ್ಕೆ.
ಟೊಮೆಟೊ ಲಾರಿ ಹಾದರೆ ಎಂಥ ಗಾಳಿ ಏಳುತ್ತದೆ
ಸೀರೆ ಉಟ್ಟವರಿಗೆ ಗೊತ್ತು.

ಸಂಜೆ ಅಂಗಡಿ ಮುಂದೆ ನಿಲ್ಲಿಸಿ ನೋಡಿದೆವು.
ನಿಲ್ಲಿಸಿದ್ದೇ ತಡ, ಜನ.
ಮಂಡಿಯಿಂದ ಹೊರಟವರು, ಟ್ಯೂಷನ್ ಬಿಟ್ಟ ಹುಡುಗರು,
ಬೈಕು ಇಳಿಯದೆ ಕಾಲೂರಿ ಕತ್ತು ಚಾಚಿದವರು.
'ಏನಾಯ್ತು? ಯಾರು? ಜೀವ ಇದೆಯಾ?'
ಒಳಗೆ ನನ್ನ ಸ್ಟೂಲು, ಒಂದು ಚಾಕಿನ ಚೂರು.
ಆಗಲೇ ಇಬ್ಬರ ಫೋನು ಪರದೆಯ ಮೇಲಿಂದ ಇಣುಕುತ್ತಿತ್ತು.
'ಏಳಡಿ ಮಾಡಬೇಕಾಯ್ತು'
ಅಂದ ಗಂಗಿರೆಡ್ಡಿ.

ಜನ ಕರಗಿದ ಮೇಲೆ, ಮಡಿಸುವ ಮೊದಲು,
ಒಳಗೆ ಹೋಗಿ ನೆಲಕ್ಕೆ ಬೆನ್ನು ಕೊಟ್ಟೆ.
ಸಿಮೆಂಟು ಇನ್ನೂ ಬಿಸಿಯಿತ್ತು.
ಮೇಲೆ ಒಂದು ತುಂಡು ಆಕಾಶ,
ಕಾಗೆಯೊಂದು ಅಡ್ಡ ದಾಟಿತು, ನಿಲ್ಲಲಿಲ್ಲ.
ಹೊರಗೆ ಬಸ್ಸಿನ ಹಾರನ್ನು, ಯಾರದೋ ಜಗಳ,
ಊರು ತನ್ನ ಪಾಡಿಗೆ ತಾನು.
ಎಷ್ಟು ಹೊತ್ತು ಮಲಗಿದ್ದೆನೋ.

ಎದ್ದು ಮೇಲಂಚಿನ ಹೊಲಿಗೆ ಬಿಚ್ಚತೊಡಗಿದೆ.
ಪುಸ್ತಕದಲ್ಲಿ ಆರು ಹೊಡೆದು
ಏಳು ಅಂತ ಬರೆದೆ.