ಎರಡನೆಯ ಸೀಸೆ

ಗೋಣಿಚೀಲದಲ್ಲಿ ಸುತ್ತಿ ತಂದಿದ್ದ ಚಾತ, ಲಾರಿಯನ್ನು.
ಮರದ ಲಾರಿಯಿಂದ ಬಿದ್ದ ಮರಿ, ಅದಕ್ಕೇ ಆ ಹೆಸರು.
ಪಾಲಿಬೆಟ್ಟದ ದನದಾಸ್ಪತ್ರೆಯ ಮೇಜಿನ ಮೇಲೆ
ನಾಲ್ಕು ಕಾಲೂ ಒಂದೇ ಕಡೆ ಚಾಚಿ ಮಲಗಿತು.
ಬೆನ್ನು ಮುಟ್ಟಿದರೆ ನರಳುತ್ತಿತ್ತು.

ಕಕ್ಕಡದಲ್ಲಿ ಬರುವ ಜ್ವರವೆಲ್ಲ ಉಣ್ಣೆಜ್ವರ,
ಕಣ್ಣು ಮುಚ್ಚಿ ಹೇಳಿಬಿಡುತ್ತೇನೆ ನಾನು.
ಕಿವಿತುದಿಯ ರಕ್ತ ಗಾಜಿಗೆ ಸವರಿ ಹುಡುಕಿದೆ.
ಏನೂ ಇಲ್ಲ.

ತುಟಿ ಎತ್ತಿದೆ.
ಅರಿಶಿನದ ಕೈಯಲ್ಲಿ ಯಾರೋ ಒರೆಸಿದಂಥ ಒಸಡು.
ಕಣ್ಣಿನ ಬಿಳಿಯೂ ಹಾಗೇ.
ಉಚ್ಚೆ ಯಾವ ಬಣ್ಣ?
“ಬೆಲ್ಲದ ಕರಿಕಾಪಿ ಥರ.”
ನೀರು?
“ಕುಡೀತಾನೇ ಇತ್ತು, ಕಕ್ತಾನೇ ಇತ್ತು.
ಇವತ್ತು ಅದೂ ಬೇಡ.”
ಎಲ್ಲಿಯ ನೀರು?

ಅಲ್ಲಿ ತಡೆದ.
ಪಲ್ಪರ್ ಮನೆಯ ಹಿಂದೆ ಹಳೇ ತೊಟ್ಟಿ,
ಹೂಳು ತೆಗೀತಿದ್ದೆ, ಇದೂ ಜೊತೆಗಿತ್ತು.
ಇಲಿ ಇದ್ದವು. ಅವು ಎಲ್ಲಿಲ್ಲ ಹೇಳಿ.

ಕೈಗವಸು ಹುಡುಕಿದೆ. ಇಷ್ಟು ಹೊತ್ತು ಹಾಕಿರಲಿಲ್ಲ.
ರಕ್ತ ಎಳೆದು ಸೀಸೆಗೆ ಚೀಟಿ ಅಂಟಿಸಿದೆ:
ಲಾರಿ, ಗಂಡು, ಮೊದಲನೆಯದು.
ಎರಡು ವಾರಕ್ಕೆ ಇನ್ನೊಂದು ಬೇಕು,
ಎರಡರ ಲೆಕ್ಕ ನೋಡಿಯೇ ಅವರು ಹೇಳುವುದು.
ಮದ್ದು ಮಾತ್ರ ಇವತ್ತೇ.
“ಅಲ್ಲೀವರೆಗೆ ಇರುತ್ತಾ?”
ಸೂಜಿ ಚುಚ್ಚುತ್ತಿದ್ದೆ, ಕೇಳಿಸದವಳ ಹಾಗೆ.

ತಲೆ ಬಗ್ಗಿಸಿದ್ದಕ್ಕೆ ಕಂಡಿತು ಅವನ ಕಾಲು.
ಬೆರಳಸಂದು ಒಡೆದು ಬೆಳ್ಳಗೆ ನೆನೆದಿತ್ತು.
ಮುಖ ನೋಡಿದೆ. ಕಣ್ಣು ಕೆಂಪು.
ಮೀನಖಂಡ ನೋವಾ?
“ಮೂರು ರಾತ್ರಿಯಿಂದ. ಮೊದಲು ನಾಯಿ ನೋಡಿ.”

ದನದ ಡಾಕ್ಟರು ಮನುಷ್ಯರಿಗೆ ಬರೆಯುವಂತಿಲ್ಲ.
ಬರೆದೆ. ಮದ್ದಲ್ಲ, ಎರಡು ಪದ:
ಇಲಿಜ್ವರ ಇರಬಹುದು.
ಕೆಳಗೆ ದಪ್ಪಕ್ಷರದಲ್ಲಿ, ಇವತ್ತೇ ನೋಡಿ.

ಹದಿನಾರನೆಯ ದಿನ ಬಂದರು, ಇಬ್ಬರೂ ನಡೆದುಕೊಂಡು.
ಲಾರಿ ನನ್ನನ್ನು ಕಂಡು ಬೊಗಳಿತು.
ಚಾತ ಸೊರಗಿದ್ದ. ಬೀಡಿ ಕಟ್ಟಿನ ಜೊತೆ ಮಡಚಿಟ್ಟ
ವಿರಾಜಪೇಟೆ ಆಸ್ಪತ್ರೆಯ ಕಾಗದ ತೆಗೆದ.
“ನಮ್ಮಿಬ್ಬರದೂ ಒಂದೇನಾ?”

ಇನ್ನೂ ಕೆಲವು ತಿಂಗಳು ಉಚ್ಚೆಯಲ್ಲಿ ಬರಬಹುದು,
ಒಲೆಯ ಹತ್ತಿರ ಮಲಗಿಸಬೇಡ ಅಂದೆ.
“ಮತ್ತೆ ಇಲಿ ಹಿಡಿಯೋದು ಯಾರು?”

ಸೀಸೆ ನಿಲ್ಲಿಸಿ ಕಾದು, ಬೆಳಕಿಗೆ ಹಿಡಿದೆ.
ಮೊನ್ನೆ ಮೇಲೆ ನಿಂತ ತಿಳಿ ಹಳದಿಯಾಗಿತ್ತು,
ಇದು ಹೆಚ್ಚುಕಮ್ಮಿ ನೀರು.
ಉತ್ತರ ಬೆಂಗಳೂರಿಂದ ಬರಬೇಕು, ಬಂದಾಗ.
ತೊಟ್ಟಿ ಮುಗಿಯಿತಾ, ಕೇಳಿದೆ.
ಇಲ್ಲ, ಅರ್ಧ ಇದೆ, ಅಂತ
ಕಾಲು ಮುಂದೆ ಚಾಚಿ ತೋರಿಸಿದ,
ರೈಟರು ಕೊಟ್ಟ ಹಳೇ ಗಂಬೂಟು.
ಬಲಗಾಲಿನದರಲ್ಲಿ ತೂತು.