ನಾಲ್ಕನೇ ಮಾನದಂಡ, ಉಪಪ್ರಶ್ನೆ ಎರಡು

ಸಮಿತಿಯವರು ಬರುವುದು ಬುಧವಾರ. ಬರುವುದೆಂದರೆ
ಪರದೆಯ ಮೇಲೆ ಮೂರು ಚೌಕಗಳಾಗಿ ಬೆಳಗುವುದು.
ಹೂಗುಚ್ಛ ಬೇಡ, ಗೋಡೆಗೆ ಸುಣ್ಣ ಬೇಡ.
ಪ್ರಿನ್ಸಿಪಾಲರಿಗೆ ಅದೇ ಒಂದು ಬೇಸರ.

ನನ್ನ ಪಾಲಿಗೆ ಬಂದದ್ದು ಈ ಪ್ರಶ್ನೆ:
ಪರದೆಯಾಚೆ ಕೂತವರು ಅವರೇ ಎಂಬುದಕ್ಕೆ
ನಿಮ್ಮಲ್ಲಿ ಪುರಾವೆ ಏನು? ಐನೂರು ಪದ ಮೀರದಂತೆ.

ಮೈಮೂನಾ. ಆನ್‌ಲೈನ್ ಬಿ.ಕಾಂ., ನಾಲ್ಕನೇ ಸೆಮಿಸ್ಟರ್.
ಕೂಡ್ಲೂರಿನ ಕಾಫಿ ಕ್ಯೂರಿಂಗ್‌ನಲ್ಲಿ ಹಗಲಿಡೀ
ಓಡುವ ಬೆಲ್ಟಿನ ಪಕ್ಕ ಕೂತು
ಕರಿಕಾಳು, ಒಡಕು, ಹುಳ ಕೊರೆದದ್ದು
ಹೆಕ್ಕಿ ಹೆಕ್ಕಿ ಎಸೆಯುವವಳು.
ಪರೀಕ್ಷೆಯ ದಿನ ಕ್ಯಾಮೆರಾ ಬರೆದುಕೊಂಡ ವರದಿ ನನ್ನ ಮುಂದಿದೆ:
ಕಣ್ಣು ಪರದೆಯಿಂದ ಸರಿದದ್ದು ನಲವತ್ತೊಂದು ಸಲ.
ಎಡದಿಂದ ಬಲಕ್ಕೆ. ಮತ್ತೆ ಎಡದಿಂದ ಬಲಕ್ಕೆ.
ಷರಾ: ನಕಲಿನ ಶಂಕೆ.

ಫೋನು ಮಾಡಿದೆ. ಮೊದಲು ನಕ್ಕಳು, ಆಮೇಲೆ ನಗಲಿಲ್ಲ.
"ಒಂಬತ್ತು ವರ್ಷ ಆಯ್ತು ಸರ್, ಬೆಲ್ಟು ಹೋಗೋದೇ ಹಾಗೆ.
ಮನೇಲಿ ತಟ್ಟೆ ಮುಂದೆ ಕೂತ್ರೂ ಕಣ್ಣು ಓಡ್ತದೆ,
ಬೆಂದ ಅನ್ನದಲ್ಲೂ ಕಲ್ಲು ಹುಡುಕ್ತದೆ.
ನಿಲ್ಲು ಅಂದ್ರೆ ನಿಲ್ಲೋದಿಲ್ಲ."

ಶನಿವಾರ ಹೋಗಿ ನೋಡಿದೆ. ಕಿವಿಗೆ ಹತ್ತಿ ತುರುಕಿಕೊಳ್ಳಬೇಕು.
ಜರಡಿಗಳು ಒಂದರಡಿ ಒಂದು ನಡುಗುತ್ತಿದ್ದವು:
ಮೇಲೇ ಉಳಿದರೆ ಎಎ, ಜಾರಿದರೆ ಎ,
ಇನ್ನೂ ಜಾರಿದರೆ ಬಿ
(ನಮ್ಮ ಕಾಲೇಜಿಗೂ ಇದೇ ಅಕ್ಷರಮಾಲೆ.
ಹೋದ ಸಲ ನಾವು ಬಿ.)

ಜರಡಿ ಬಲ್ಲದ್ದು ಗಾತ್ರ ಮಾತ್ರ, ಮೇಸ್ತ್ರಿ ಹೇಳಿದ,
ಒಳಗೆ ಹುಳ ಇದ್ದರೂ ಎಎ ಎಎಯೇ.
ಅದಕ್ಕೇ ಇಟ್ಟುಕೊಂಡಿದ್ದೇವೆ, ನೋಡಿ, ಈ ಹೆಂಗಸರನ್ನ.
ಅವಳು ನನ್ನತ್ತ ತಲೆ ಎತ್ತಲಿಲ್ಲ.
ಎತ್ತಿದರೆ ನಾಲ್ಕು ಕಾಳು ತಪ್ಪಿಹೋಗುತ್ತವೆ.

ರಾತ್ರಿ ಕೂತು ಬರೆದೆ: ಬೆಲ್ಟು, ಕಣ್ಣು, ಒಂಬತ್ತು ವರ್ಷ.
ನೂರಾ ಎಂಬತ್ತು ಪದ ಆಯಿತು.
ಪ್ರಿನ್ಸಿಪಾಲರು ಓದಿ, ಕನ್ನಡಕ ಒರೆಸಿ,
"ಚೆನ್ನಾಗಿದೆ. ತೆಗೆದುಬಿಡಿ. ಸಾಫ್ಟ್‌ವೇರ್ ಇದೆ ಅಂತ ಹಾಕಿ" ಅಂದರು.
ಹಾಕಿದೆ.

ಬುಧವಾರ ಹನ್ನೊಂದಕ್ಕೆ ಬೆಳಗಿದವು ಚೌಕಗಳು.
ನಡುವಿನವರು ಎಲ್ಲಿಂದಲೋ ಓದುತ್ತಿದ್ದರು,
ಕಣ್ಣು ಎಡದಿಂದ ಬಲಕ್ಕೆ, ಮತ್ತೆ ಎಡದಿಂದ ಬಲಕ್ಕೆ.
ಹದಿನೇಳರ ತನಕ ಎಣಿಸಿದೆ.
ನಾಲ್ಕನೇ ಮಾನದಂಡ ತೃಪ್ತಿಕರ, ಎಂದರು.

ಮೈಮೂನಾಳಿಗೆ ಮರುಪರೀಕ್ಷೆ, ಫೆಬ್ರವರಿಯಲ್ಲಿ.
ಕ್ಯೂರಿಂಗ್‌ನಲ್ಲಿ ಆಗ ಎರಡು ಪಾಳಿ.
ರಜೆ ಸಿಗುತ್ತದೋ ಇಲ್ಲವೋ,
ಕೇಳಿ ನೋಡುತ್ತೇನೆ ಅಂದಿದ್ದಾಳೆ.